ವಾಹನದ ಎಫ್‌ಸಿ ಮಾಡಿಸುವ ಬಗ್ಗೆ ಬಳ್ಳಾರಿ ಸೀಮೆಯ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು, ಸಿಂಧನೂರು, ಗಂಗಾವತಿ ಮತ್ತು ಕಾರಟಗಿಯ ಭತ್ತ, ಶಕ್ತಿನಗರದ ಹಾರುಬೂದಿ ಇವೆಲ್ಲ ಸಾಗುವ ರಸ್ತೆಗಳಲ್ಲಿಯೇ ನಮ್ಮ ಮಕ್ಕಳ ಶಾಲಾ ಬಸ್ಸುಗಳೂ ಆಟೋಗಳೂ ಓಡಾಡುತ್ತವೆ. ಆದ್ದರಿಂದ ಅರ್ಹತಾ ಪ್ರಮಾಣಪತ್ರ, ಅಂದರೆ ಎಲ್ಲರೂ ಎಫ್‌ಸಿ ಎಂದು ಕರೆಯುವ ಪತ್ರ, ಮಾಲೀಕರಿಗೂ ಕಚೇರಿಗೂ ನಡುವಿನ ವ್ಯವಹಾರ ಮಾತ್ರವಲ್ಲ. ಹೊಸದಾಗಿ ವಾಹನ ಕೊಂಡವರು ಮತ್ತು ಸ್ವತಃ ಅರ್ಜಿ ಸಲ್ಲಿಸಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಎಫ್‌ಸಿ ಯಾವ ವಾಹನಗಳಿಗೆ ಕಡ್ಡಾಯ?

ಸಾರಿಗೆ ವಾಹನ ಎಂದು ನೋಂದಣಿಯಾಗಿರುವ ಎಲ್ಲ ವಾಹನಗಳಿಗೂ ಕಡ್ಡಾಯ. ಲಾರಿ, ಟಿಪ್ಪರ್, ಟ್ಯಾಂಕರ್, ಸರಕು ಸಾಗಿಸುವ ಚಿಕ್ಕ ನಾಲ್ಕು ಚಕ್ರದ ಗಾಡಿಗಳು, ಆಟೋರಿಕ್ಷಾ, ಟ್ಯಾಕ್ಸಿ, ಮ್ಯಾಕ್ಸಿ ಕ್ಯಾಬ್, ಬಸ್, ಶಾಲಾ ವಾಹನ ಮತ್ತು ಆಂಬುಲೆನ್ಸ್ ಇವೆಲ್ಲ ಇದರಲ್ಲಿ ಬರುತ್ತವೆ. 1988ರ ಮೋಟಾರು ವಾಹನಗಳ ಕಾಯ್ದೆಯ 56ನೇ ಕಲಮಿನ ಪ್ರಕಾರ, ಚಾಲ್ತಿಯಲ್ಲಿರುವ ಅರ್ಹತಾ ಪ್ರಮಾಣಪತ್ರವಿಲ್ಲದ ಸಾರಿಗೆ ವಾಹನವನ್ನು ಸಕ್ರಮವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸುವಂತಿಲ್ಲ. ಅನೇಕರು ಇದನ್ನು ಗಮನಿಸುವುದಿಲ್ಲ. ಆರ್‌ಸಿ, ಅಂದರೆ ನೋಂದಣಿ ಪ್ರಮಾಣಪತ್ರ, ಕೈಯಲ್ಲಿದ್ದರೂ ಎಫ್‌ಸಿ ಮುಗಿದಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಆ ಗಾಡಿ ನೋಂದಣಿಯಿಲ್ಲದೆ ರಸ್ತೆಗಿಳಿದಂತೆಯೇ ಆಗುತ್ತದೆ.

ಪ್ರತಿ ವರ್ಷವೂ ಮಾಡಿಸಬೇಕೇ?

ಅದು ವಾಹನದ ವಯಸ್ಸನ್ನು ಅವಲಂಬಿಸಿದೆ. ಹೊಸ ಸಾರಿಗೆ ವಾಹನಕ್ಕೆ ಮೊದಲ ಎಫ್‌ಸಿ ಎರಡು ವರ್ಷಗಳದ್ದಾಗಿರುತ್ತದೆ. ಮೊದಲು ಆಮೇಲಿನ ನವೀಕರಣವೆಲ್ಲ ವರ್ಷಕ್ಕೊಮ್ಮೆ ಇತ್ತು. 2018ರ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 62ನೇ ನಿಯಮಕ್ಕೆ ತಿದ್ದುಪಡಿಯಾದ ನಂತರ, ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಂಬ ಕ್ರಮ ಜಾರಿಯಲ್ಲಿದೆ. ನಮ್ಮ ಭಾಗದಲ್ಲಿ ಬೇರೆ ಊರುಗಳಿಂದ ಕೊಂಡು ತಂದ ಹಳೆಯ ಲಾರಿಗಳೇ ಹೆಚ್ಚು ದುಡಿಯುವುದರಿಂದ, ಬಹುಪಾಲು ಮಾಲೀಕರಿಗೆ ಇದು ವರ್ಷ ವರ್ಷದ ಕೆಲಸವೇ ಆಗಿದೆ.

ನನ್ನ ಸ್ವಂತ ಕಾರಿಗೆ ಅಥವಾ ಬೈಕಿಗೆ ಎಫ್‌ಸಿ ಬೇಕೇ?

ಹದಿನೈದು ವರ್ಷಗಳವರೆಗೆ ಬೇಡ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷ ಚಾಲ್ತಿಯಲ್ಲಿದ್ದು, ಆ ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ಆದರೆ ಬಿಳಿ ಬೋರ್ಡಿನ ಕಾರನ್ನು ಹಂಪಿಗೆ, ಅಂಜನಾದ್ರಿಗೆ, ಮಂತ್ರಾಲಯಕ್ಕೆ ಬಾಡಿಗೆಗೆ ಓಡಿಸುವವರು ಈ ವಿನಾಯಿತಿ ತಮಗೂ ಇದೆಯೆಂದು ತಿಳಿಯಬಾರದು. ಬಾಡಿಗೆಗೆ ಓಡುವ ಗಾಡಿ ಸಾರಿಗೆ ವಾಹನವಾಗಿ ನೋಂದಣಿಯಾಗಿರಬೇಕು, ಅದಕ್ಕೆ ಪರ್ಮಿಟ್ ಇರಬೇಕು, ಎಫ್‌ಸಿಯೂ ಇರಬೇಕು.

ಟ್ರ್ಯಾಕ್ಟರ್ ಮತ್ತು ಟ್ರೇಲರ್‌ಗೆ?

ಕೃಷಿ ಕೆಲಸಕ್ಕೆಂದು ನೋಂದಣಿಯಾದ ಟ್ರ್ಯಾಕ್ಟರ್ ಸಾರಿಗೇತರ ವಾಹನ. ಹೊಲದಿಂದ ಮನೆಗೆ ಅಥವಾ ಮಾರುಕಟ್ಟೆಗೆ ತನ್ನ ಬೆಳೆಯನ್ನು ಸಾಗಿಸುವ ರೈತನಿಗೆ ವಾರ್ಷಿಕ ಎಫ್‌ಸಿಯ ಹೊರೆ ಇಲ್ಲ. ಆದರೆ ಅದೇ ಟ್ರ್ಯಾಕ್ಟರಿನಲ್ಲಿ ಮರಳು, ಇಟ್ಟಿಗೆ ಅಥವಾ ಜಲ್ಲಿಯನ್ನು ಬಾಡಿಗೆಗೆ ಹೊಡೆದರೆ ಅದು ನೋಂದಣಿಯ ಉದ್ದೇಶಕ್ಕೆ ವಿರುದ್ಧವಾಗುತ್ತದೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ಎತ್ತುವ ಪ್ರಶ್ನೆಯೂ ಇದೇ.

ಟ್ರೇಲರಿನ ವಿಷಯದಲ್ಲಿ ರೈತಬಾಂಧವರಲ್ಲಿ ಒಂದು ವಿನಂತಿ. ಸುಗ್ಗಿಯ ಕಾಲದಲ್ಲಿ ಸಿರುಗುಪ್ಪ, ಸಿಂಧನೂರು, ಗಂಗಾವತಿಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ಹುಲ್ಲು ಹೇರಿಕೊಂಡು ಹೋಗುವ ಟ್ರೇಲರ್‌ಗಳಿಗೆ ಹಿಂದೆ ದೀಪವಿರುವುದಿಲ್ಲ, ಇದ್ದರೂ ಹುಲ್ಲಿನಡಿಯಲ್ಲಿ ಮುಚ್ಚಿಹೋಗಿರುತ್ತದೆ. ಹಿಂದಿನಿಂದ ಬರುವ ಬೈಕ್ ಸವಾರನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆ. ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಹೇರು ಅದನ್ನು ಮುಚ್ಚದಂತೆ ನೋಡಿಕೊಳ್ಳಲು ತಗಲುವ ಖರ್ಚು ಬಹಳ ಕಡಿಮೆ.

ಅರ್ಜಿ ಎಲ್ಲಿ ಸಲ್ಲಿಸಬೇಕು? ಯಾವ ದಾಖಲೆಗಳು ಬೇಕು?

ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ವಾಹನದ ಸಂಖ್ಯೆ ಮತ್ತು ಚಾಸಿ ಸಂಖ್ಯೆಯ ಕೊನೆಯ ಅಂಕಿಗಳನ್ನು ನಮೂದಿಸಿ ಅರ್ಜಿ ಸಲ್ಲಿಸಿ, ಶುಲ್ಕ ಕಟ್ಟಿ, ತಪಾಸಣೆಯ ದಿನ ಗೊತ್ತುಮಾಡಿಕೊಳ್ಳಬೇಕು. ನಂತರ ಆ ದಿನ ವಾಹನದೊಂದಿಗೆ ಹಾಜರಾಗಬೇಕು. ಬಳ್ಳಾರಿ ಕಚೇರಿಯ ಸಂಕೇತ ಕೆಎ 34, ಹೊಸಪೇಟೆಯದು ಕೆಎ 35, ರಾಯಚೂರಿನದು ಕೆಎ 36, ಕೊಪ್ಪಳದ್ದು ಕೆಎ 37. ಆರ್‌ಸಿಯಲ್ಲಿನ ನಿಮ್ಮ ವಿಳಾಸ ಈಗ ಯಾವ ಕಚೇರಿಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಹಳೆಯ ವಾಹನ ಕೊಂಡು ಹೆಸರು ಬದಲಾಯಿಸದೆ ಓಡಿಸುತ್ತಿರುವವರು ಈ ಹಂತದಲ್ಲಿಯೇ ಸಿಕ್ಕಿಬೀಳುತ್ತಾರೆ.

ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಬಾಕಿಯಿಲ್ಲದ ತೆರಿಗೆ, ಪರ್ಮಿಟ್ ಮತ್ತು ಹಿಂದಿನ ಎಫ್‌ಸಿ ಮುಖ್ಯ ದಾಖಲೆಗಳು. ಲಾರಿ, ಬಸ್ಸುಗಳಿಗೆ ಸ್ಪೀಡ್ ಗವರ್ನರ್ (ವೇಗಕ್ಕೆ ಮಿತಿ ಹಾಕುವ ಸಾಧನ) ಹಾಗೂ ರಿಫ್ಲೆಕ್ಟರ್ ಟೇಪಿನ ಪ್ರಮಾಣಪತ್ರಗಳೂ ಫಾಸ್ಟ್ಯಾಗ್ ಕೂಡ ಬೇಕಾಗುತ್ತವೆ. ಅತಿ ಸುರಕ್ಷಿತ ನೋಂದಣಿ ಫಲಕವನ್ನು 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅಳವಡಿಸಿಕೊಂಡಿರಬೇಕು. ತೆರಿಗೆಯ ಬಾಕಿಯನ್ನು ತೀರಿಸದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಅದನ್ನು ಎಲ್ಲಕ್ಕಿಂತ ಮೊದಲು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ತಪಾಸಣೆಯಲ್ಲಿ ನಿಜವಾಗಿ ಏನೇನು ನೋಡುತ್ತಾರೆ?

ಮೊದಲು ಗುರುತು. ಚಾಸಿ ಮೇಲೆ ಕೆತ್ತಿದ ಸಂಖ್ಯೆ ಆರ್‌ಸಿಯಲ್ಲಿರುವ ಸಂಖ್ಯೆಗೆ ತಾಳೆಯಾಗಬೇಕು. ಅದಿರಿನ ಕೆಂಧೂಳು ಮತ್ತು ಗ್ರೀಸ್ ಸೇರಿ ಆ ಜಾಗ ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ತಪಾಸಣೆಗೆ ಹೋಗುವ ಹಿಂದಿನ ದಿನವೇ ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಒರೆಸಿ ಸ್ವಚ್ಛ ಮಾಡಿಟ್ಟರೆ ಪೆನ್ಸಿಲ್ ಪ್ರಿಂಟ್, ಅಂದರೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಸಂಖ್ಯೆಯ ಅಚ್ಚು, ಸ್ಪಷ್ಟವಾಗಿ ಬರುತ್ತದೆ. ತುಕ್ಕು ಹಿಡಿದಿದೆಯೆಂದು ಉಜ್ಜು ಕಾಗದ ಹಿಡಿದು ತಿಕ್ಕಬಾರದು, ಅಂಕಿ ಅಳಿಸಿದರೆ ಬೇರೆಯೇ ತೊಂದರೆ ಎದುರಾಗುತ್ತದೆ.

ಆಮೇಲೆ ಬ್ರೇಕ್. ಜನ ಇಂದಿಗೂ ಮೋಟಾರು ವಾಹನ ನಿರೀಕ್ಷಕರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಾರೆ, ತಪಾಸಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯವೂ ಅದೇ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಾರದು, ಹ್ಯಾಂಡ್ ಬ್ರೇಕ್ ನಿಲ್ಲಿಸಿದಲ್ಲಿ ಹಿಡಿಯಬೇಕು, ಏರ್ ಬ್ರೇಕ್ ಇರುವ ಗಾಡಿಗಳಲ್ಲಿ ಗಾಳಿ ಸೋರಬಾರದು. ಒಂದು ಚಕ್ರದ ಲೈನರ್ ಮಾತ್ರ ಬದಲಿಸಿ ಎದುರಿನ ಚಕ್ರದ್ದನ್ನು ಹಳೆಯದೇ ಬಿಟ್ಟರೆ ಗಾಡಿ ಎಳೆಯುವುದು ಖಂಡಿತ, ಆದ್ದರಿಂದ ಒಂದು ಆಕ್ಸಲಿನ ಎರಡೂ ಕಡೆ ಒಟ್ಟಿಗೆ ಬದಲಿಸುವುದೇ ಸರಿಯಾದ ಕ್ರಮ. ಏರ್ ಟ್ಯಾಂಕಿನಲ್ಲಿ ನಿಂತ ನೀರನ್ನು ಆಗಾಗ ಹೊರಬಿಡುವ ಅಭ್ಯಾಸ ಅನೇಕ ಚಾಲಕರಲ್ಲಿ ಕಡಿಮೆಯಾಗಿದೆ. ಆ ನೀರು ಗಾಳಿಯ ಜೊತೆ ವಾಲ್ವ್‌ಗಳೊಳಗೆ ಹೋಗಿ ತುಕ್ಕು ಹಿಡಿಸುತ್ತದೆ.

ಸ್ಟೀರಿಂಗಿನಲ್ಲಿ ಅತಿಯಾದ ಸಡಿಲ ಇರಬಾರದು. ಟೈ ರಾಡ್ ಮತ್ತು ಕಿಂಗ್ ಪಿನ್ ಸವೆದಿರಬಾರದು. ಲಾರಿ, ಬಸ್ಸು, ಕಾರುಗಳ ಟೈರಿನ ಗೀರುಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು; ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿಲಿಮೀಟರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಸವೆದ ಟೈರಿನ ಮೇಲೆ ಹೇರು ಹಾಕಿಕೊಂಡು ಹೋಗುವುದು ಎಷ್ಟು ಅಪಾಯ ಎಂಬುದನ್ನು ಲಾರಿಯವರಿಗೆ ಹೇಳಿಕೊಡಬೇಕಿಲ್ಲ. ಇನ್ನುಳಿದಂತೆ ಹೆಡ್‌ಲೈಟಿನ ಕೋನ, ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್, ವೈಪರ್, ಕನ್ನಡಿ, ಮುಂಗಾಜು, ಸೈಲೆನ್ಸರ್ ಮತ್ತು ಸ್ಪೀಡೋಮೀಟರ್ ನೋಡುತ್ತಾರೆ.

ಭಾರಿ ವಾಹನಗಳಲ್ಲಿ ಹಿಂದೆ ಮತ್ತು ಪಕ್ಕಗಳಲ್ಲಿ ಅಡ್ಡಪಟ್ಟಿಗಳು ಗಟ್ಟಿಯಾಗಿ ಕೂತಿರಬೇಕು. ಬೈಕ್ ಅಥವಾ ಕಾರು ಬಂದು ಗುದ್ದಿದಾಗ ಲಾರಿಯ ಅಡಿಗೆ ನುಗ್ಗದಂತೆ ತಡೆಯುವುದು ಅವೇ. ಎಫ್‌ಸಿ ದಿನ ಎರಡು ಬೋಲ್ಟ್ ಹಾಕಿ ನಿಲ್ಲಿಸಿ, ಮರುದಿನ ಗಣಿಯ ದಾರಿಯಲ್ಲಿ ನೆಲಕ್ಕೆ ತಾಗುತ್ತದೆಂದು ಬಿಚ್ಚಿಡುವವರಿದ್ದಾರೆ. ಇದು ಸಣ್ಣ ತಪ್ಪಲ್ಲ.

ಟಿಪ್ಪರಿನ ಬಾಡಿ ಎತ್ತರಿಸಿದ್ದರೆ ಎಫ್‌ಸಿ ಆಗುತ್ತದೆಯೇ?

ಆಗಬಾರದು. ಆರ್‌ಸಿಯಲ್ಲಿ ನಮೂದಾದ ಮತ್ತು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ. ಹಾಗೆ ಮಾರ್ಪಡಿಸಿದ ಮಾಲೀಕರಿಗೆ 182ಎ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಎತ್ತರಿಸಿದ ಬಾಡಿಯ ಉದ್ದೇಶ ಹೆಚ್ಚು ಹೇರುವುದೇ ಆದ್ದರಿಂದ ಅತಿಭಾರದ ದಂಡವೂ ಇದರ ಹಿಂದೆಯೇ ಬರುತ್ತದೆ. ಅದು 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ದಂಡಕ್ಕಿಂತ ದೊಡ್ಡ ನಷ್ಟ ಗಾಡಿಯದು. ಬ್ರೇಕು, ಆಕ್ಸಲು, ಕಮಾನು ಪಟ್ಟಿಗಳು ಒಂದು ನಿರ್ದಿಷ್ಟ ತೂಕಕ್ಕೆ ಲೆಕ್ಕ ಹಾಕಿ ಮಾಡಿದವು. ಆ ತೂಕ ಮೀರಿದರೆ ಸಂಡೂರಿನ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ತಪ್ಪುವುದು ಆಶ್ಚರ್ಯವೇನಲ್ಲ.

ರಿಫ್ಲೆಕ್ಟರ್ ಟೇಪ್ ಹೊಸದಿದ್ದರೂ ತಿರಸ್ಕರಿಸುತ್ತಾರೆ ಎನ್ನುತ್ತಾರೆ, ಏಕೆ?

ಅನುಮೋದಿತ ಗುಣಮಟ್ಟದ ಟೇಪ್ ಆಗಿರಬೇಕು. ಮುಂದೆ ಬಿಳಿ, ಪಕ್ಕಗಳಲ್ಲಿ ಹಳದಿ, ಹಿಂದೆ ಕೆಂಪು ಇರಬೇಕು. ಅಂಗಡಿಯಲ್ಲಿ ಸಿಗುವ ಹೊಳೆಯುವ ಪಟ್ಟಿಯೆಲ್ಲ ಇದಕ್ಕೆ ಸಲ್ಲುವುದಿಲ್ಲ. ಕೆಲವು ಹಗಲಿನಲ್ಲಿ ಮಿಂಚಿದರೂ ರಾತ್ರಿ ಬೆಳಕನ್ನು ತಿರುಗಿ ಕಳುಹಿಸುವುದಿಲ್ಲ. ಒಳ್ಳೆಯ ಟೇಪ್ ಅಂಟಿಸಿದ ಮೇಲೂ ಧೂಳು ಕುಳಿತರೆ ಅದು ಇದ್ದೂ ಇಲ್ಲದಂತೆ. ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಅಂಚಿನಲ್ಲಿ ಟೈರ್ ಬದಲಿಸಲೆಂದು ರಾತ್ರಿ ನಿಲ್ಲುವ ಲಾರಿಗೆ ಆ ಪಟ್ಟಿಯೇ ರಕ್ಷೆ. ಗಾಜು ಒರೆಸುವಾಗ ಹಿಂಬದಿಯ ಟೇಪನ್ನೂ ಒರೆಸುವಂತೆ ಕ್ಲೀನರ್ ಹುಡುಗರಿಗೆ ಹೇಳಿ.

ಹೊಗೆ ತಪಾಸಣೆ ಬೇರೆಯೇ?

ಬೇರೆ. ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಪ್ರತಿ ವಾಹನಕ್ಕೂ ಈ ಪ್ರಮಾಣಪತ್ರ ಬೇಕು. ಭಾರತ್ ಸ್ಟೇಜ್ (ಬಿಎಸ್) ಎಂಬ ಹೊಗೆ ಮಾನದಂಡದ ಬಿಎಸ್ 4 ಮತ್ತು ಬಿಎಸ್ 6 ವಾಹನಗಳಿಗೆ ಇದು ಒಂದು ವರ್ಷ, ಅದಕ್ಕೂ ಹಳೆಯವಕ್ಕೆ ಆರು ತಿಂಗಳು ನಡೆಯುತ್ತದೆ. ಡೀಸೆಲ್ ಗಾಡಿಯ ಹೊಗೆಯ ಸಾಂದ್ರತೆ (ಪ್ರತಿ ಮೀಟರಿನ ಲೆಕ್ಕದಲ್ಲಿ) ಬಿಎಸ್ 4 ವಾಹನದಲ್ಲಿ 1.62, ಅದಕ್ಕಿಂತ ಹಳೆಯದರಲ್ಲಿ 2.45 ಮೀರಬಾರದು. ನಮ್ಮ ಧೂಳಿನಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಂಡು ಕಪ್ಪು ಹೊಗೆ ಬರುವುದರಿಂದ, ಪಂಪ್ ಬಿಚ್ಚಿಸುವ ಮೊದಲು ಫಿಲ್ಟರ್ ನೋಡಿಸಿ.

ಶಾಲಾ ಬಸ್ಸುಗಳಿಗೆ ವಿಶೇಷ ನಿಯಮಗಳಿವೆಯೇ?

ಶಿಕ್ಷಣ ಸಂಸ್ಥೆಯ ಬಸ್ ಬಾಡಿಗೆಗೆ ಓಡದಿದ್ದರೂ ಸಾರಿಗೆ ವಾಹನವೇ, ಅದಕ್ಕೂ ಎಫ್‌ಸಿ ಕಡ್ಡಾಯ. ಸಾಮಾನ್ಯ ಸಾರಿಗೆ ವಾಹನಗಳ ಸ್ಪೀಡ್ ಗವರ್ನರ್ ಗಂಟೆಗೆ 80 ಕಿಲೋಮೀಟರಿಗೆ ನಿಗದಿಯಾಗಿದ್ದರೆ, ಶಾಲಾ ಬಸ್, ಡಂಪರ್, ಟ್ಯಾಂಕರ್ ಮತ್ತು ಅಪಾಯಕಾರಿ ಸರಕಿನ ವಾಹನಗಳಿಗೆ ಅದು 60 ಕಿಲೋಮೀಟರ್. ತುರ್ತು ಬಾಗಿಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಅಗ್ನಿಶಾಮಕ ಸಾಧನವನ್ನು ನೋಡುತ್ತಾರೆ. ಬೇಸಿಗೆ ರಜೆಯಲ್ಲಿ ಬಸ್ಸುಗಳು ನಿಂತೇ ಇರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಆಡಳಿತ ಮಂಡಳಿಗಳು ಈ ಕೆಲಸ ಮುಗಿಸಿದರೆ ಜೂನ್‌ನಲ್ಲಿ ಅವಸರ ಬೀಳುವುದಿಲ್ಲ. ಪಾಲಕರಿಗೂ ಬಸ್ಸಿನ ಎಫ್‌ಸಿ ದಿನಾಂಕವನ್ನು ಕೇಳುವ ಹಕ್ಕಿದೆ. ಸಂಕೋಚಪಡದೆ ಕೇಳಿ.

ಇನ್ನು ಮುಂದೆ ಯಂತ್ರವೇ ತಪಾಸಣೆ ಮಾಡುತ್ತದೆಯೇ?

ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮಗಳನ್ನು ರೂಪಿಸಿತು. ನೋಂದಣಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಮಾನ್ಯತೆ ಪಡೆದ ಅಂಥ ಕೇಂದ್ರವಿದ್ದರೆ ಸಾರಿಗೆ ವಾಹನಗಳನ್ನು ಅಲ್ಲಿಯೇ ಪರೀಕ್ಷಿಸಬೇಕೆಂಬುದು ಅವುಗಳ ಸಾರ. ಅಲ್ಲಿ ರೋಲರ್‌ಗಳ ಮೇಲೆ ಚಕ್ರ ನಿಲ್ಲಿಸಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ, ಹೆಡ್‌ಲೈಟ್, ಸಸ್ಪೆನ್ಷನ್, ಹೊಗೆ, ಶಬ್ದ ಎಲ್ಲಕ್ಕೂ ಉಪಕರಣಗಳಿರುತ್ತವೆ. ಫಲಿತಾಂಶ ನೇರವಾಗಿ ಗಣಕಕ್ಕೆ ಸೇರುತ್ತದೆ. ಅನೇಕ ಮಾಲೀಕರಿಗೆ ಇದರ ಬಗ್ಗೆ ಭಯವಿದೆ, ಆದರೆ ಗಾಡಿಯನ್ನು ನೆಟ್ಟಗೆ ಇಟ್ಟುಕೊಂಡವರಿಗೆ ಇದರಿಂದ ಅನುಕೂಲವೇ. ಯಂತ್ರಕ್ಕೆ ಪರಿಚಯ, ಶಿಫಾರಸು ಗೊತ್ತಿಲ್ಲ.

ತಪಾಸಣೆಯಲ್ಲಿ ವಾಹನ ತಿರಸ್ಕೃತವಾದರೆ?

ಪ್ರಮಾಣಪತ್ರ ನಿರಾಕರಿಸಿದರೆ ಅದಕ್ಕೆ ಕಾರಣಗಳನ್ನು ಲಿಖಿತವಾಗಿ ಕೊಡಬೇಕೆಂದು 56ನೇ ಕಲಮು ಹೇಳುತ್ತದೆ. ಬಾಯಿಮಾತಿನಲ್ಲಿ ಕೇಳಿಸಿಕೊಂಡು ಹಿಂದಿರುಗದೆ ಆ ಬರಹವನ್ನು ಪಡೆದುಕೊಳ್ಳಿ, ಅದನ್ನೇ ಮೆಕ್ಯಾನಿಕ್‌ಗೆ ತೋರಿಸಿದರೆ ಯಾವ ದೋಷ ಸರಿಪಡಿಸಬೇಕೆಂಬುದು ಸ್ಪಷ್ಟವಾಗುತ್ತದೆ. ದೋಷ ಸರಿಪಡಿಸಿ ಮರುತಪಾಸಣೆಗೆ ಹಾಜರುಪಡಿಸಬಹುದು. ನಿರ್ಧಾರ ಅನ್ಯಾಯವೆನಿಸಿದರೆ ಆದೇಶ ತಲುಪಿದ 30 ದಿನಗಳೊಳಗೆ 57ನೇ ಕಲಮಿನಡಿ ಮೇಲ್ಮನವಿ ಸಲ್ಲಿಸುವ ಅವಕಾಶವಿದೆ.

ಅವಧಿ ಮುಗಿದ ಮೇಲೆ ಗಾಡಿ ಓಡಿಸಿದರೆ ಏನಾಗುತ್ತದೆ?

192ನೇ ಕಲಮಿನಡಿ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 5,000ದಿಂದ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದಲ್ಲದೆ ನವೀಕರಣ ತಡವಾದ ಪ್ರತಿ ದಿನಕ್ಕೆ 50 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೆಳೆಯುತ್ತ ಹೋಗುತ್ತದೆ. ಕೆಲಸವಿಲ್ಲದೆ ತಿಂಗಳುಗಟ್ಟಲೆ ನಿಂತ ಗಾಡಿಯ ಮಾಲೀಕರಿಗೆ ಇದು ಒಮ್ಮೆಲೇ ದೊಡ್ಡ ಮೊತ್ತವಾಗಿ ಬಂದು ಕೂರುತ್ತದೆ.

ಎಲ್ಲಕ್ಕಿಂತ ಭಾರವಾದದ್ದು ಅಪಘಾತದ ಪ್ರಸಂಗ. ಎಫ್‌ಸಿ ಇಲ್ಲದ ವಾಹನದಿಂದ ಸಾವು ನೋವಾದರೆ ವಿಮಾ ಕಂಪನಿ ಪಾಲಿಸಿಯ ಷರತ್ತು ಮುರಿದಿದೆ ಎಂದು ವಾದಿಸುತ್ತದೆ. ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಅನುಮತಿ ಕೊಟ್ಟ ಪ್ರಕರಣಗಳಿವೆ. ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡ ಕುಟುಂಬಕ್ಕೆ ಅಂಥ ಒಂದು ಆದೇಶ ಸಾಕು, ಮನೆ ಹೊಲ ಎರಡೂ ಹೋಗುತ್ತವೆ.

ಏಜೆಂಟರಿಗೆ ಕೊಟ್ಟರೆ ಸುಲಭವಲ್ಲವೇ? ಟೈರ್ ಬಾಡಿಗೆಗೆ ಸಿಗುತ್ತವೆ ಎಂದೂ ಕೇಳಿದ್ದೇವೆ.

ಅರ್ಜಿ ತುಂಬಲು ಯಾರ ನೆರವನ್ನಾದರೂ ಪಡೆಯಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಶುಲ್ಕದ ರಸೀದಿಯಲ್ಲಿರುವುದಕ್ಕಿಂತ ಹೆಚ್ಚು ಹಣವನ್ನು ಯಾವುದಕ್ಕೆ ಕೇಳುತ್ತಿದ್ದಾರೆಂದು ವಿಚಾರಿಸಿ. ಗಾಡಿಯನ್ನು ತೋರಿಸದೆಯೇ ಎಫ್‌ಸಿ ಮಾಡಿಸಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ತಪಾಸಣೆಯ ದಿನಕ್ಕೆ ಒಳ್ಳೆಯ ಟೈರನ್ನು ಎರವಲು ತಂದು ಹಾಕಿ, ಸಂಜೆ ಬಿಚ್ಚಿ ಹಳೆಯದನ್ನೇ ಹಾಕುವ ಪದ್ಧತಿ ನಮ್ಮಲ್ಲಿ ಇದೆ. ಎಫ್‌ಸಿ ಸಿಕ್ಕಿದ ಮೇಲೆ ಹೊಣೆ ತೀರಿತು ಎಂಬ ಭಾವನೆಯಿಂದಲೇ ಹೀಗೆ ಮಾಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ದೋಷವಿರುವ ವಾಹನವನ್ನು ರಸ್ತೆಗಿಳಿಸಿದವರಿಗೆ, ಎಫ್‌ಸಿ ಇದ್ದರೂ, 190ನೇ ಕಲಮಿನಡಿ ಶಿಕ್ಷೆಯಾಗುತ್ತದೆ. ಅದರಿಂದ ಯಾರಿಗಾದರೂ ಗಾಯವಾದರೆ ಮೂರು ತಿಂಗಳ ಸೆರೆವಾಸದವರೆಗೂ ಹೋಗಬಹುದು. ನಿಯಮ ಪಾಲಿಸುತ್ತಿಲ್ಲವೆಂದು ಕಂಡುಬಂದರೆ, ಮಾಲೀಕರ ಅಹವಾಲು ಕೇಳಿ, ಕೊಟ್ಟ ಎಫ್‌ಸಿಯನ್ನು ನಡುವೆಯೇ ರದ್ದುಪಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ತಪಾಸಣೆಯ ದಿನ ಗಾಡಿ ಹೇಗಿತ್ತೋ ಉಳಿದ ದಿನಗಳಲ್ಲಿಯೂ ಹಾಗೆಯೇ ಇರಬೇಕು ಎಂಬುದೇ ಈ ಪತ್ರದ ಅರ್ಥ.

ವರ್ಷದ ಯಾವ ಕಾಲದಲ್ಲಿ ಮಾಡಿಸುವುದು ಒಳ್ಳೆಯದು?

ದಿನಾಂಕ ಗಾಡಿಯ ನೋಂದಣಿಯಿಂದ ನಿಗದಿಯಾಗುವುದರಿಂದ ಆಯ್ಕೆ ಹೆಚ್ಚೇನಿಲ್ಲ, ಆದರೆ ಸಿದ್ಧತೆಯನ್ನು ನಮ್ಮ ಕೈಯಲ್ಲಿ ಇಟ್ಟುಕೊಳ್ಳಬಹುದು. ತುಂಗಭದ್ರಾ ಎಡದಂಡೆ, ಬಲದಂಡೆ ಕಾಲುವೆಗಳ ಕೆಳಗೆ ಭತ್ತದ ಕೊಯ್ಲು ಶುರುವಾದರೆ ಒಂದು ದಿನವೂ ಗಾಡಿ ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಸುಗ್ಗಿಯ ನಡುವೆ ಅವಧಿ ಮುಗಿಯುವುದಿದ್ದರೆ ಲೈನರ್, ಟೈರ್, ವೆಲ್ಡಿಂಗ್ ಕೆಲಸಗಳನ್ನು ಒಂದು ತಿಂಗಳು ಮೊದಲೇ ಮುಗಿಸಿಟ್ಟುಕೊಳ್ಳಿ. ಆಯುಧ ಪೂಜೆಗೆ ಗಾಡಿ ತೊಳೆದು ಹೂವು ಕಟ್ಟುವ ಮೊದಲು ಮೆಕ್ಯಾನಿಕ್‌ನಿಂದ ಅಡಿಭಾಗ ನೋಡಿಸುವ ಕೆಲವು ಮಾಲೀಕರಿದ್ದಾರೆ, ಅನುಸರಿಸತಕ್ಕ ಪದ್ಧತಿ ಅದು.

ಹಳೆಯ ಲಾರಿ ಕೊಳ್ಳುವಾಗ ಎಫ್‌ಸಿ ಇದೆ ಎಂದರೆ ಸಾಕೇ?

ಸಾಲದು. ಪರಿವಾಹನ್ ತಾಣದಲ್ಲಿ ಎಫ್‌ಸಿ, ತೆರಿಗೆ, ವಿಮೆ, ಪರ್ಮಿಟ್ ಮತ್ತು ಸಾಲದ ನಮೂದನ್ನು ನೀವೇ ನೋಡಿ. ಎಫ್‌ಸಿ ದೇಶದಾದ್ಯಂತ ಮಾನ್ಯವಾದದ್ದರಿಂದ ಹೊರರಾಜ್ಯದ ಪತ್ರವೂ ನಡೆಯುತ್ತದೆ, ಆದರೆ ಅದು ಹಿಂದೊಂದು ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಹೇರು ಹಾಕಿದ ಗಾಡಿಯನ್ನೇ ಓಡಿಸಿ ನೋಡಿ, ಚಾಸಿಯಲ್ಲಿ ಬಿರುಕು ಅಥವಾ ಹೊಸ ವೆಲ್ಡಿಂಗ್ ಇದೆಯೇ ಎಂದು ಪರೀಕ್ಷಿಸಿ. ವಾಹನ 15 ವರ್ಷ ದಾಟಿದ್ದರೆ ತಪಾಸಣೆ ಮತ್ತು ಪ್ರಮಾಣಪತ್ರದ ಶುಲ್ಕ ಹಲವು ಪಟ್ಟು ಹೆಚ್ಚಾಗುವುದರಿಂದ, ಮಾರುವವರು ಹೇಳುವ ಬೆಲೆಗೆ ಮುಂದಿನ ಎಫ್‌ಸಿಯ ಖರ್ಚು ಮತ್ತು ರಿಪೇರಿಯ ಖರ್ಚನ್ನು ಸೇರಿಸಿ ಲೆಕ್ಕ ಹಾಕಿದ ಮೇಲಷ್ಟೇ ಮುಂಗಡ ಕೊಡಿ.